ಸೂತ್ರ ಮತ್ತು ವೃತ್ತಿ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಸೀಮೆಯಲ್ಲಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳು ಒಂದಕ್ಕೊಂದು ನೆರೆಹೊರೆಯಾಗಿ ನಿಂತಿವೆ. ಇವುಗಳಲ್ಲಿ ರಬಕವಿ-ಬನಹಟ್ಟಿ ನೇಕಾರರ ಊರು. ಅಲ್ಲಿಯ ಓಣಿಗಳಲ್ಲಿ ಕಾಲಿಟ್ಟವನ ಕಿವಿಗೆ ಮಗ್ಗಗಳ ಸದ್ದು ಬೀಳದೆ ಇರದು. ಸೀರೆಯ ದಡಿಯಲ್ಲಿಯೂ ಸೆರಗಿನಲ್ಲಿಯೂ ಹೂಬಳ್ಳಿಗಳನ್ನು ಮೂಡಿಸಬೇಕಾದ ಮಗ್ಗದ ತಲೆಯ ಮೇಲೆ ಜಕಾರ್ಡ್ ಎಂಬ ಸಾಧನವನ್ನು ಕೂಡಿಸುತ್ತಾರೆ. ಅದರಿಂದ ರಟ್ಟಿನ ಪಟ್ಟಿಗಳು ಒಂದಕ್ಕೊಂದು ದಾರದಿಂದ ಹೆಣೆಯಲ್ಪಟ್ಟು ಮಾಲೆಯಂತೆ ಇಳಿಬಿದ್ದಿರುತ್ತವೆ. ಪಟ್ಟಿಯ ತುಂಬ ತೂತುಗಳು. ತೂತಿರುವ ಕಡೆ ಹಾಸಿನ ಎಳೆ ಮೇಲಕ್ಕೇಳುತ್ತದೆ. ತೂತಿಲ್ಲದ ಕಡೆ ಕೆಳಗೇ ಉಳಿಯುತ್ತದೆ. ನಡುವೆ ಲಾಳಿ ಹಾಯುತ್ತದೆ. ಹೊಕ್ಕಿನ ಒಂದೊಂದು ಎಳೆಗೂ ಒಂದೊಂದು ಪಟ್ಟಿ. ಹೀಗೆ ನೂರಾರು ಪಟ್ಟಿಗಳು ಸರದಿಯಂತೆ ಬಂದು ಹೋಗುವಷ್ಟರಲ್ಲಿ ಬಟ್ಟೆಯ ಮೇಲೆ ಒಂದು ನವಿಲು ಗರಿ ಬಿಚ್ಚಿರುತ್ತದೆ.

ಇಂಥ ಮಾಲೆಯೊಂದನ್ನು ಹೊಸಬನ ಕೈಯಲ್ಲಿಟ್ಟರೆ ಅವನೇನು ಮಾಡಬಲ್ಲ? ಅದರ ಮೊದಲ ಪಟ್ಟಿ ಯಾವುದು, ಕೊನೆಯದು ಯಾವುದು, ಹಾಸಿನಲ್ಲಿ ಎಷ್ಟು ಎಳೆಗಳಿರಬೇಕು, ನೂಲು ಎಂಥದಿರಬೇಕು, ನಡುವಿನ ಒಂದು ಪಟ್ಟಿ ಹರಿದರೆ ಅದನ್ನು ಹೇಗೆ ಸರಿಪಡಿಸಬೇಕು ಎಂಬ ಯಾವ ಸಂಗತಿಯನ್ನೂ ತೂತುಗಳು ತಾವಾಗಿ ಹೇಳಲಾರವು. ಚೌಕಳಿ ಕಾಗದದ ಮೇಲೆ ಚಿತ್ರವನ್ನು ಬರೆದು ಪಟ್ಟಿಗಳನ್ನು ಕೊರೆದವನಿಗೆ ಅವೆಲ್ಲ ಗೊತ್ತು. ಅವನು ಪಟ್ಟಿಗಳಿಗೆ ಅಂಕಿಗಳನ್ನು ಹಾಕಿ, ಬೇಕಾದ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದರೆ ಮತ್ತೊಬ್ಬ ನೇಕಾರನು ಆ ಮಾಲೆಯನ್ನು ತನ್ನ ಮಗ್ಗಕ್ಕೆ ಏರಿಸಬಲ್ಲ. ಬರೆದಿಡದಿದ್ದರೆ ಅವನ ಕಾಲಾನಂತರ ಅದು ಅಟ್ಟ ಸೇರುವ ರಟ್ಟು.

ಜಕಾರ್ಡ್ ಎಂಬುದು ಒಬ್ಬ ಮನುಷ್ಯನ ಹೆಸರು. ಫ್ರಾನ್ಸ್ ದೇಶದ ಲಿಯಾನ್ ನಗರದ ಜೋಸೆಫ್ ಮರಿ ಜಕಾರ್ಡ್ ಎಂಬಾತನು ೧೮೦೪ರಲ್ಲಿ ಈ ಸಾಧನವನ್ನು ರೂಪಿಸಿದನು. ೧೮೩೯ರಲ್ಲಿ ಅವನದೇ ಭಾವಚಿತ್ರವನ್ನು ಇಂಥ ಮಗ್ಗದಲ್ಲಿ ರೇಷ್ಮೆಯಿಂದ ನೇಯಲಾಯಿತು. ಅದಕ್ಕೆ ಬೇಕಾದ ಪಟ್ಟಿಗಳು ಸುಮಾರು ೨೪,೦೦೦. ಆ ಚಿತ್ರದ ಒಂದು ಪ್ರತಿಯನ್ನು ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜನು ಸಂಪಾದಿಸಿ ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದನು. ತೂತಿನ ಪಟ್ಟಿಗಳಿಂದ ಹೂಗಳನ್ನು ನೇಯಲು ಸಾಧ್ಯವಾದರೆ ಅವುಗಳಿಂದಲೇ ಲೆಕ್ಕಗಳನ್ನೂ ಮಾಡಿಸಬಹುದೆಂಬುದು ಬ್ಯಾಬೇಜನ ಯೋಚನೆ. ಅದಕ್ಕಾಗಿ ಅವನು ‘ವಿಶ್ಲೇಷಕ ಯಂತ್ರ’ವೆಂಬ ದೊಡ್ಡ ಯಂತ್ರವೊಂದರ ನಕ್ಷೆಗಳನ್ನು ಸಿದ್ಧಪಡಿಸಿದನು. ಯಂತ್ರ ಮಾತ್ರ ಅವನ ಜೀವಮಾನದಲ್ಲಿ ಪೂರ್ಣವಾಗಲಿಲ್ಲ.

ಆ ಯಂತ್ರವನ್ನು ಕುರಿತು ಇಟಲಿಯ ಮೆನಬ್ರಿಯಾ ಎಂಬ ಎಂಜಿನಿಯರನು ೧೮೪೨ರಲ್ಲಿ ಫ್ರೆಂಚ್ ಭಾಷೆಯಲ್ಲಿ ಒಂದು ಲೇಖನ ಬರೆದನು. ಏಡಾ ಲವ್‌ಲೇಸ್ ಎಂಬ ಮಹಿಳೆ ಅದನ್ನು ಇಂಗ್ಲಿಷಿಗೆ ಅನುವಾದಿಸಿದಳು. ಅನುವಾದವಷ್ಟಕ್ಕೇ ಅವಳು ತೃಪ್ತಳಾಗಲಿಲ್ಲ. ಓದುವವರಿಗೆ ಯಂತ್ರದ ಸ್ವರೂಪ ಮನದಟ್ಟಾಗಲೆಂದು ತನ್ನದೇ ಟಿಪ್ಪಣಿಗಳನ್ನು ಸೇರಿಸಿದಳು. ೧೮೪೩ರಲ್ಲಿ ಪ್ರಕಟವಾದಾಗ ಆ ಟಿಪ್ಪಣಿಗಳು ಮೂಲ ಲೇಖನಕ್ಕಿಂತ ಸುಮಾರು ಮೂರು ಪಟ್ಟು ದೊಡ್ಡವಾಗಿದ್ದುವು. ಯಂತ್ರವು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ಅವಳು ವಿವರಿಸಿದಳು. ಕಠಿನವಾದ ಒಂದು ಲೆಕ್ಕವನ್ನು ಅದರಿಂದ ಹೆಜ್ಜೆ ಹೆಜ್ಜೆಯಾಗಿ ಮಾಡಿಸುವ ಕ್ರಮವನ್ನು ಕೋಷ್ಟಕವಾಗಿ ಕೊಟ್ಟಳು. ಇಂದು ಆ ಯಂತ್ರದ ಮಹತ್ವ ಲೋಕಕ್ಕೆ ತಿಳಿದಿರುವುದು ಬಹುಮಟ್ಟಿಗೆ ಈ ಟಿಪ್ಪಣಿಗಳಿಂದ. ಅವಳ ಕೋಷ್ಟಕದಲ್ಲಿ ಒಂದು ತಪ್ಪೂ ಇದೆ: ಒಂದು ಹೆಜ್ಜೆಯಲ್ಲಿ ಭಾಜ್ಯ ಭಾಜಕಗಳು ಅದಲುಬದಲಾಗಿವೆ. ನಡೆಸಿ ನೋಡಲು ಯಂತ್ರವೇ ಇರದಿದ್ದುದರಿಂದ ತಪ್ಪು ಹಾಗೆಯೇ ಅಚ್ಚಾಯಿತು. ಈ ಸಂಗತಿಯನ್ನು ನೆನಪಿನಲ್ಲಿಟ್ಟಿರುವುದು ಒಳ್ಳೆಯದು. ಮುಂದೆ ಇದರ ಪ್ರಯೋಜನವಿದೆ.

ಇಂದಿನ ಗಣಕಯಂತ್ರಕ್ಕೆ ರಟ್ಟಿನ ಪಟ್ಟಿಗಳು ಬೇಕಿಲ್ಲ. ಅದಕ್ಕೆ ಆಜ್ಞೆಗಳನ್ನು ಅಕ್ಷರಗಳಲ್ಲಿಯೇ ಬರೆದು ಕೊಡುತ್ತಾರೆ. ಇಂಥ ಆಜ್ಞೆಗಳ ಸರಣಿಗೆ ಕ್ರಮವಿಧಿ ಎಂದು ಹೆಸರು. ಎಲ್ಲರಿಗೂ ಪದೇ ಪದೇ ಬೇಕಾಗುವ ಕೆಲಸಗಳಿವೆ: ಸರಾಸರಿ ತೆಗೆಯುವುದು, ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸುವುದು, ನಕ್ಷೆ ಬರೆಯುವುದು ಮುಂತಾದುವು. ಪ್ರತಿಯೊಬ್ಬನೂ ಅವುಗಳನ್ನು ಹೊಸದಾಗಿ ಬರೆಯುವುದು ವ್ಯರ್ಥ ಶ್ರಮ. ಆದುದರಿಂದ ಅಂಥ ಕೆಲಸಗಳ ಕ್ರಮವಿಧಿಗಳನ್ನು ಒಮ್ಮೆ ಚೆನ್ನಾಗಿ ಬರೆದು ಒಂದೆಡೆ ಕೂಡಿಸಿಡುತ್ತಾರೆ. ಈ ಸಂಗ್ರಹವನ್ನು ಲೈಬ್ರರಿ ಎನ್ನುತ್ತಾರೆ. ಹೆಸರು ಕೇಳಿ ಪುಸ್ತಕಗಳ ಕಪಾಟನ್ನು ನೆನೆಯಬೇಕಾಗಿಲ್ಲ. ಬಡಗಿಯ ಪೆಟ್ಟಿಗೆಯಲ್ಲಿ ಉಳಿ, ಗರಗಸ, ಕೀಸುಳಿಗಳಿರುವಂತೆ ಇಲ್ಲಿ ಬೇರೆ ಬೇರೆ ಕೆಲಸಗಳಿಗೆ ಬೇರೆ ಬೇರೆ ಸಿದ್ಧ ಸಾಧನಗಳಿರುತ್ತವೆ.

ಕೆಲವು ಲೈಬ್ರರಿಗಳ ಒಳಗುಟ್ಟನ್ನು ಅವುಗಳ ಒಡೆಯರು ಯಾರಿಗೂ ತೋರಿಸುವುದಿಲ್ಲ. ಇನ್ನು ಕೆಲವು ಎಲ್ಲರಿಗೂ ತೆರೆದಿರುತ್ತವೆ. ಯಾರು ಬೇಕಾದರೂ ಅವುಗಳನ್ನು ಬಳಸಬಹುದು, ಓದಬಹುದು, ತಿದ್ದಬಹುದು, ತಿದ್ದಿದುದನ್ನು ಪರರಿಗೆ ಹಂಚಬಹುದು. ಇವನ್ನು ಮುಕ್ತ ಆಕರ ತಂತ್ರಾಂಶಗಳೆಂದು ಕರೆಯುತ್ತಾರೆ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅವರು ತಂತ್ರಾಂಶ ಎಲ್ಲರಿಗೂ ಮುಕ್ತವಾಗಿರಬೇಕೆಂಬ ಚಳವಳಿಯನ್ನು ೧೯೮೩ರಲ್ಲಿ ಆರಂಭಿಸಿದರು. ಈ ಹಕ್ಕುಗಳನ್ನು ಕಾಯುವ ಪರವಾನಗಿ ಪತ್ರವನ್ನು ಅವರು ೧೯೮೯ರಲ್ಲಿ ಹೊರಡಿಸಿದರು.

ಅದೇ ೧೯೮೯ರಲ್ಲಿ ಜಮಖಂಡಿ ತಾಲ್ಲೂಕಿನಲ್ಲಿಯೂ ಒಂದು ದೊಡ್ಡ ಕೆಲಸ ನಡೆಯಿತು. ಬೇಸಗೆಯಲ್ಲಿ ಬತ್ತುತ್ತಿದ್ದ ಕೃಷ್ಣೆಗೆ ಚಿಕ್ಕಪಡಸಲಗಿಯ ಬಳಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ಹಣ ಕೂಡಿಸಿ, ಮೈ ಮುರಿದು ದುಡಿದು ಬ್ಯಾರೇಜನ್ನು ಕಟ್ಟಿದರು. ಶ್ರಮಬಿಂದು ಸಾಗರವೆಂದು ಅದಕ್ಕೆ ಹೆಸರಾಯಿತು. ನೀರು ಬೇಕಾದವರೇ ಕೂಡಿ ಅದನ್ನು ನಿಲ್ಲಿಸಿದರು. ಮುಕ್ತ ತಂತ್ರಾಂಶಗಳನ್ನು ಕಟ್ಟುವ ಬಗೆಯನ್ನು ಅರಿಯಲು ಈ ಸೀಮೆಯವರಿಗೆ ಇದಕ್ಕಿಂತ ಸಮೀಪದ ಉದಾಹರಣೆ ದೊರೆಯಲಾರದು. ಅಲ್ಲಿಯೂ ಸಾಧನದ ಅಗತ್ಯವಿದ್ದವರೇ ದೇಶದೇಶಗಳಿಂದ ಕೈಗೂಡಿಸುತ್ತಾರೆ. ವ್ಯತ್ಯಾಸವೊಂದಿದೆ. ಕಾಲುವೆಗೆ ಬಂದ ನೀರನ್ನು ಬಳಸಲು ಯಾವ ಪುಸ್ತಕವನ್ನೂ ಓದಬೇಕಾಗಿಲ್ಲ. ಲೈಬ್ರರಿ ಹಾಗಲ್ಲ. ಅದು ಎಲ್ಲರ ಮುಂದೆ ತೆರೆದಿದ್ದರೂ ಅದನ್ನು ಬಳಸುವ ಬಗೆಯನ್ನು ಯಾರಾದರೂ ಹೇಳಿಕೊಡದಿದ್ದರೆ ಅದು ಇದ್ದೂ ಇಲ್ಲದಂತೆ. ಬಳಸುವ ಬಗೆಯನ್ನು ಹೇಳುವ ಬರಹವೇ ಕೈಪಿಡಿ.

ಕೈಪಿಡಿ ಹೇಗಿರಬೇಕೆಂಬುದಕ್ಕೆ ಕನ್ನಡದಲ್ಲಿಯೇ ಹಳೆಯದೊಂದು ಮಾದರಿಯಿದೆ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ವೆಂಬ ವ್ಯಾಕರಣವನ್ನು ರಚಿಸಿದನು. ವ್ಯಾಕರಣದ ನಿಯಮಗಳನ್ನು ಅವನು ಅಡಕವಾದ ಸೂತ್ರಗಳಲ್ಲಿ ಹೇಳಿದನು. ಸೂತ್ರವನ್ನು ಬಾಯಿಪಾಠ ಮಾಡುವುದು ಸುಲಭ, ಅರಿತುಕೊಳ್ಳುವುದು ಕಷ್ಟ. ಇದನ್ನು ಬಲ್ಲ ಕೇಶಿರಾಜನು ಸೂತ್ರಗಳ ಕೆಳಗೆ ಗದ್ಯದಲ್ಲಿ ತಾನೇ ವೃತ್ತಿಯನ್ನು, ಅಂದರೆ ವಿವರಣೆಯನ್ನು ಬರೆದನು. ಅದರ ಬಳಿಕ ಪ್ರಯೋಗಗಳನ್ನು, ಅಂದರೆ ಆ ನಿಯಮ ಬಳಕೆಯಲ್ಲಿ ಕಾಣುವ ಉದಾಹರಣೆಗಳನ್ನು ಕೊಟ್ಟನು. ಸೂತ್ರ, ವೃತ್ತಿ, ಪ್ರಯೋಗ ಎಂಬ ಈ ಮೂರನ್ನು ಯಾವ ಲೈಬ್ರರಿಯ ಕೈಪಿಡಿಯಲ್ಲಿಯಾದರೂ ಗುರುತಿಸಬಹುದು. ಕ್ರಮವಿಧಿಯೇ ಸೂತ್ರ, ಅದು ಬೇಡುವುದೇನು, ಮರಳಿ ಕೊಡುವುದೇನು ಎಂಬ ವಿವರಣೆಯೇ ವೃತ್ತಿ, ಓದುಗನು ತಾನೇ ಮಾಡಿ ನೋಡಬಹುದಾದ ಚಿಕ್ಕ ಲೆಕ್ಕವೇ ಪ್ರಯೋಗ.

ಒಂದು ನಿದರ್ಶನವನ್ನು ನೋಡಬಹುದು. ಬೀಳಗಿ ತಾಲ್ಲೂಕಿನ ಯಾವುದೋ ಒಂದು ಶಾಲೆಯಲ್ಲಿ ವಿದ್ಯಾರ್ಥಿನಿಯೊಬ್ಬಳು ಮಳೆಮಾಪಕದ ಅಂಕಿಗಳನ್ನು ದಿನವೂ ಬರೆದಿಡುತ್ತಾಳೆಂದು ಭಾವಿಸೋಣ. ಏಳು ದಿನಗಳಲ್ಲಿ ಒಂದು ದಿನ ಶಾಲೆಗೆ ರಜೆ. ಅಂದಿನ ಮಳೆಯನ್ನು ಯಾರೂ ಅಳೆದಿಲ್ಲ. ಆ ಸ್ಥಳ ಖಾಲಿ. ಆರು ದಿನಗಳ ಅಂಕಿಗಳನ್ನೂ ಒಂದು ಖಾಲಿ ಸ್ಥಳವನ್ನೂ ಅವಳು ಗಣಕಯಂತ್ರಕ್ಕೆ ಕೊಟ್ಟು ‘ನಂಪೈ’ ಎಂಬ ಹೆಸರಾಂತ ಮುಕ್ತ ಲೈಬ್ರರಿಯಿಂದ ಸರಾಸರಿಯನ್ನು ಕೇಳುತ್ತಾಳೆ. ಅಲ್ಲಿ ಸರಾಸರಿ ತೆಗೆಯುವ ಸಾಧನದ ಹೆಸರು ‘ಮೀನ್’. ಇದು ನೀರಿನ ಮೀನಲ್ಲ, ಸರಾಸರಿಗಿರುವ ಇಂಗ್ಲಿಷ್ ಹೆಸರು. ಉತ್ತರವಾಗಿ ಅವಳಿಗೆ ಅಂಕಿ ದೊರೆಯುವುದಿಲ್ಲ. ‘ನ್ಯಾನ್’ ಎಂಬ ಮೂರಕ್ಷರದ ಇಂಗ್ಲಿಷ್ ಗುರುತು ತೆರೆಯ ಮೇಲೆ ಮೂಡುತ್ತದೆ. ‘ಇದು ಸಂಖ್ಯೆಯಲ್ಲ’ ಎಂಬುದು ಅದರ ಅರ್ಥ. ಹುಡುಗಿ ತಾನೇ ತಪ್ಪು ಮಾಡಿದೆನೆಂದುಕೊಂಡು ಮತ್ತೆ ಮತ್ತೆ ಬೆರಳಚ್ಚು ಮಾಡಬಹುದು, ಅಥವಾ ಈ ವಿದ್ಯೆ ತನ್ನಂಥವರಿಗಲ್ಲವೆಂದು ಎದ್ದುಹೋಗಬಹುದು. ವಾಸ್ತವವಾಗಿ ಯಂತ್ರ ಸರಿಯಾಗಿಯೇ ನಡೆದುಕೊಂಡಿದೆ. ಅಳೆಯದ ಮಳೆಯನ್ನು ಸೊನ್ನೆಯೆಂದು ಎಣಿಸಿದರೆ ಸುಳ್ಳು ಲೆಕ್ಕವಾಗುತ್ತಿತ್ತು. ಖಾಲಿ ಸ್ಥಳಗಳನ್ನು ಬಿಟ್ಟು ಉಳಿದವುಗಳ ಸರಾಸರಿಯನ್ನು ತೆಗೆಯುವ ‘ನ್ಯಾನ್‌ಮೀನ್’ ಎಂಬ ಬೇರೊಂದು ಸಾಧನ ಅದೇ ಲೈಬ್ರರಿಯಲ್ಲಿದೆ. ‘ಮೀನ್’ ಕುರಿತ ಪುಟದಲ್ಲಿ ‘ಇದನ್ನೂ ನೋಡಿ’ ಎಂಬ ತಲೆಬರಹದ ಕೆಳಗೆ ಅದರ ಹೆಸರೂ ಇದೆ. ಆ ಪುಟ ಇಲ್ಲದಿದ್ದರೆ, ಇಲ್ಲವೆ ಅದನ್ನು ನೋಡಬೇಕೆಂದು ಯಾರೂ ಹೇಳದಿದ್ದರೆ, ಸಾಧನವಿದ್ದೂ ಹುಡುಗಿಗೆ ಅದು ದಕ್ಕುತ್ತಿರಲಿಲ್ಲ.

ನಂಪೈ ಕೈಪಿಡಿಗೆ ಇಂದಿನ ರೂಪ ಬಂದುದರ ಹಿಂದೆಯೂ ವಿದ್ಯಾರ್ಥಿಗಳ ಕಷ್ಟವೇ ಇದೆ. ಟ್ರಾವಿಸ್ ಓಲಿಫಂಟ್ ಅವರು ಹಿಂದಿನ ಎರಡು ಲೈಬ್ರರಿಗಳನ್ನು ಕೂಡಿಸಿ ೨೦೦೫ರ ಸುಮಾರಿಗೆ ನಂಪೈಯನ್ನು ರೂಪಿಸಿದರು. ಲೈಬ್ರರಿ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿತ್ತು. ಅದನ್ನು ವಿವರಿಸುವ ಅವರ ಪುಸ್ತಕವನ್ನು ಮಾತ್ರ ಮೊದಲು ಕೆಲವು ವರ್ಷ ಬೆಲೆ ಕೊಟ್ಟು ಕೊಳ್ಳಬೇಕಾಗಿತ್ತು. ಅನಂತರ ಅದೂ ಮುಕ್ತವಾಯಿತು. ವರ್ಷಗಟ್ಟಲೆ ದುಡಿದವನು ತನ್ನ ಜೀವನೋಪಾಯವನ್ನೂ ನೋಡಿಕೊಳ್ಳಬೇಕಾದುದರಿಂದ ಅವರನ್ನು ದೂಷಿಸುವಂತಿಲ್ಲ. ಆದರೂ ಬೀಗವಿಲ್ಲದ ಮನೆಗೆ ದಾರಿ ಕೇಳಲು ಹಣ ಕೊಡಬೇಕಾದಂಥ ಪರಿಸ್ಥಿತಿ ಅಂದು ಇದ್ದುದು ನಿಜ.

೨೦೦೭ರಲ್ಲಿ ಅಮೆರಿಕದ ಸೆಂಟ್ರಲ್ ಫ್ಲಾರಿಡ ವಿಶ್ವವಿದ್ಯಾಲಯದಲ್ಲಿ ಖಗೋಳ ವಿಜ್ಞಾನಿ ಜೋ ಹ್ಯಾರಿಂಗ್ಟನ್ ಅವರು ತಮ್ಮ ವಿದ್ಯಾರ್ಥಿಗಳಿಗೆ ಈ ಲೈಬ್ರರಿಯ ಮೂಲಕ ಪಾಠ ಹೇಳಿದರು. ಅದರ ಒಳಗಿನ ಎಷ್ಟೋ ಸಾಧನಗಳಿಗೆ ಸರಿಯಾದ ವಿವರಣೆಯೇ ಇರಲಿಲ್ಲ. ಇದ್ದುದೂ ಬಲ್ಲವರಿಗಾಗಿ ಬಲ್ಲವರು ಬರೆದುಕೊಂಡ ಗುರುತುಗಳಂತಿತ್ತು. ವಿದ್ಯಾರ್ಥಿಗಳು ದಿಕ್ಕುಗೆಟ್ಟರು. ಮುಂದಿನ ವರ್ಷದ ತರಗತಿಗೂ ಇದೇ ಗತಿಯಾಗಬಾರದೆಂದು ಹ್ಯಾರಿಂಗ್ಟನ್ ೨೦೦೮ರಲ್ಲಿ ಕೈಪಿಡಿಯನ್ನು ಬರೆಯುವ ಒಂದು ಅಭಿಯಾನವನ್ನೇ ಹೂಡಿದರು. ಅದರ ಮೇಲ್ವಿಚಾರಣೆಯನ್ನು ದಕ್ಷಿಣ ಆಫ್ರಿಕದ ಸ್ಟೆಫಾನ್ ವಾನ್ ಡರ್ ವಾಲ್ಟ್ ಅವರು ವಹಿಸಿಕೊಂಡರು. ಕ್ರಮವಿಧಿಯ ಒಳಹೊಕ್ಕು ತಿದ್ದಲು ಅರಿಯದವರೂ ವಿವರಣೆಯನ್ನು ತಿದ್ದಲು ಅನುಕೂಲವಾಗುವಂತೆ ಅಂತರಜಾಲದಲ್ಲಿ ಒಂದು ತಾಣವನ್ನು ನಿರ್ಮಿಸಿದರು. ಪ್ರತಿಯೊಂದು ಸಾಧನದ ಮುಂದೆ ಅದರ ಸ್ಥಿತಿಯನ್ನು ಗುರುತು ಮಾಡುತ್ತಿದ್ದರು: ಇದನ್ನು ಬರೆಯಬೇಕಾಗಿದೆ, ಇದನ್ನು ಬರೆಯುತ್ತಿದ್ದಾರೆ, ಇದನ್ನು ಪರಿಶೀಲಿಸಬೇಕಾಗಿದೆ, ಇದು ಸರಿಯಾಗಿದೆ ಎಂದು. ಎಲ್ಲ ಪುಟಗಳಿಗೂ ಒಂದೇ ಅಚ್ಚನ್ನು ಅನುಸರಿಸಲಾಯಿತು. ಮೊದಲು ಒಂದು ಸಾಲಿನ ಸಾರಾಂಶ, ಬಳಿಕ ಕೊಡಬೇಕಾದುದು, ದೊರೆಯುವುದು, ಸಂಬಂಧಪಟ್ಟ ಇತರ ಸಾಧನಗಳು, ಟಿಪ್ಪಣಿ, ಕೊನೆಗೆ ಉದಾಹರಣೆ. ಹೆಚ್ಚು ಬರೆದವರಿಗೆ ಬಹುಮಾನವಾಗಿ ಸಂದುದು ಒಂದು ಟೀ ಷರ್ಟು. ಹೀಗೆ ಸಿದ್ಧವಾದ ಲೈಬ್ರರಿ ಮುಂದೆ ಗುರುತ್ವ ಅಲೆಗಳ ಶೋಧದಲ್ಲಿಯೂ, ೨೦೧೯ರಲ್ಲಿ ಪ್ರಕಟವಾದ ಕೃಷ್ಣರಂಧ್ರದ ಮೊದಲ ಚಿತ್ರವನ್ನು ರೂಪಿಸುವುದರಲ್ಲಿಯೂ ಬಳಕೆಯಾಯಿತು.

ಬಲ್ಲವರೇ ಬರೆದ ಕೈಪಿಡಿ ಕಲಿಯುವವರಿಗೆ ಏಕೆ ಅರ್ಥವಾಗುವುದಿಲ್ಲವೆಂಬುದು ವಿಚಾರಾರ್ಹವಾದ ಪ್ರಶ್ನೆ. ಈಜು ಬಲ್ಲವನಿಗೆ ತಾನು ಮೊದಲ ದಿನ ಬಾವಿಯಲ್ಲಿ ನೀರು ಕುಡಿದುದು ಮರೆತುಹೋಗಿರುತ್ತದೆ. ನಂಪೈಯಲ್ಲಿ ಒಂದು ಸಾಲಿನ ಅಂಕಿಗಳನ್ನು ಎಣಿಸುವಾಗ ಮೊದಲನೆಯದಕ್ಕೆ ಸೊನ್ನೆ, ಎರಡನೆಯದಕ್ಕೆ ಒಂದು ಎಂದು ಸ್ಥಾನ ಕೊಡುತ್ತಾರೆ. ನುರಿತವನಿಗೆ ಇದು ಉಸಿರಾಟದಷ್ಟು ಸಹಜ. ಹೇಳಬೇಕೆಂದು ಅವನಿಗೆ ಹೊಳೆಯುವುದೇ ಇಲ್ಲ. ಹೊಸಬನಾದರೋ ಒಂದನೆಯ ದಿನದ ಮಳೆಯನ್ನು ಕೇಳಿ ಎರಡನೆಯ ದಿನದ ಮಳೆಯನ್ನು ಪಡೆಯುತ್ತಾನೆ. ಆದುದರಿಂದ ಕೈಪಿಡಿಯ ಕೊರತೆಯನ್ನು ಕಾಣುವ ಕಣ್ಣು ಆಗತಾನೆ ಕಲಿಯುತ್ತಿರುವವನಿಗೇ ಇರುತ್ತದೆ. ಅವನೂ ಸ್ವಲ್ಪ ದಿನ ಕಳೆದರೆ ಆ ಕಣ್ಣನ್ನು ಕಳೆದುಕೊಳ್ಳುತ್ತಾನೆ. ಎಡವಿದ ದಿನವೇ ಎಡವಿದ ಕಲ್ಲನ್ನು ಗುರುತು ಹಾಕಿಕೊಳ್ಳಬೇಕು.

ಗುರುತು ಹಾಕುವವರು ಕಡಿಮೆ. ಮುಕ್ತ ತಂತ್ರಾಂಶಗಳ ದೊಡ್ಡ ಭಂಡಾರವಾದ ಗಿಟ್‌ಹಬ್ ಸಂಸ್ಥೆ ೨೦೧೭ರಲ್ಲಿ ಒಂದು ಸಮೀಕ್ಷೆಯನ್ನು ನಡೆಸಿತು. ಉತ್ತರಿಸಿದವರಲ್ಲಿ ನೂರಕ್ಕೆ ೯೩ ಮಂದಿ ಕೈಪಿಡಿಗಳು ಅಪೂರ್ಣವಾಗಿರುವುದನ್ನು, ಇಲ್ಲವೆ ಹಳತಾಗಿರುವುದನ್ನು ಕಂಡಿದ್ದರು. ಕೆಲಸದಲ್ಲಿ ಕೈಗೂಡಿಸುವವರಲ್ಲಿ ನೂರಕ್ಕೆ ೬೦ ಮಂದಿ ತಾವು ಕೈಪಿಡಿಗೆ ಬರೆಯುವುದು ಅಪರೂಪ, ಅಥವಾ ಇಲ್ಲವೇ ಇಲ್ಲ ಎಂದರು. ಹೊಸ ಸಾಧನವನ್ನು ಕಟ್ಟಿದವನಿಗೆ ಹೆಸರು ಬರುತ್ತದೆ. ಒಂದು ವಾಕ್ಯವನ್ನು ಸರಿಪಡಿಸಿದವನನ್ನು ಯಾರು ನೆನೆಯುತ್ತಾರೆ? ಈ ಭಾವನೆ ಎಲ್ಲ ವಿದ್ಯೆಗಳಲ್ಲಿಯೂ ಇರುವಂಥದೇ. ಕಾವ್ಯ ಬರೆದವನ ಹೆಸರು ಉಳಿಯುತ್ತದೆ, ಅದಕ್ಕೆ ಟೀಕೆ ಬರೆದವನ ಹೆಸರು ಅಡಿಟಿಪ್ಪಣಿಯಲ್ಲಿ ಅಡಗುತ್ತದೆ.

ಕೈಪಿಡಿಯನ್ನು ತಿದ್ದುವ ಕ್ರಮ ಕಠಿನವೇನೂ ಅಲ್ಲ. ಕೈಪಿಡಿಯ ಬರಹ ಅಲಂಕಾರವಿಲ್ಲದ ಸರಳ ಅಕ್ಷರಗಳಲ್ಲಿ, ಕ್ರಮವಿಧಿಯ ಜೊತೆಯಲ್ಲಿಯೇ ಇರುತ್ತದೆ. ತಲೆಬರಹ ಯಾವುದು, ಉದಾಹರಣೆ ಯಾವುದು ಎಂಬುದಕ್ಕೆ ಕೆಲವು ಚಿಹ್ನೆಗಳಿರುತ್ತವೆ. ತಿದ್ದಬಯಸುವವನು ಮೂಲದ ಒಂದು ಪ್ರತಿಯನ್ನು ತೆಗೆದುಕೊಂಡು, ಬೇಕಾದ ಸಾಲನ್ನು ಬದಲಾಯಿಸಿ, ಏಕೆ ಬದಲಾಯಿಸಿದೆನೆಂದು ಎರಡು ಮಾತು ಬರೆದು ಹಿರಿಯರ ಪರಿಶೀಲನೆಗೆ ಸಲ್ಲಿಸುತ್ತಾನೆ. ಹಳೆಯ ಸಾಲು, ಹೊಸ ಸಾಲು ಎರಡೂ ಅಕ್ಕಪಕ್ಕದಲ್ಲಿ ಅವರಿಗೆ ಕಾಣುತ್ತವೆ. ಅವರು ಒಪ್ಪಬಹುದು, ಮತ್ತೆ ತಿದ್ದಲು ಹೇಳಬಹುದು. ಒಪ್ಪಿದರೆ ಹೊಸ ಸಾಲು ಮೂಲಕ್ಕೆ ಸೇರುತ್ತದೆ. ತಿದ್ದಿದವನ ಹೆಸರೂ ದಿನಾಂಕವೂ ದಾಖಲಾಗುತ್ತವೆ.

ಇದಾದ ಬಳಿಕ ಕೈಪಿಡಿಯನ್ನು ‘ಕಟ್ಟುವ’ ಕೆಲಸ ನಡೆಯುತ್ತದೆ. ಸರಳ ಅಕ್ಷರಗಳ ಬರಹದಿಂದ ಓದಲು ಯೋಗ್ಯವಾದ ಪುಟಗಳನ್ನು ಸಿದ್ಧಪಡಿಸುವುದಕ್ಕೆ ಕಟ್ಟುವುದೆಂದು ಹೆಸರು. ಗ್ಯೋರ್ಗ್ ಬ್ರಾಂಡ್ಲ್ ಅವರು ಪೈಥಾನ್ ಎಂಬ ಗಣಕಭಾಷೆಯ ಕೈಪಿಡಿಗಾಗಿ ರೂಪಿಸಿ ೨೦೦೮ರಲ್ಲಿ ಹೊರತಂದ ‘ಸ್ಫಿಂಕ್ಸ್’ ಎಂಬ ತಂತ್ರಾಂಶ ಈ ಕೆಲಸಕ್ಕೆ ಬಹಳ ಬಳಕೆಯಲ್ಲಿದೆ. ಅದು ವಿಷಯಾನುಕ್ರಮಣಿಕೆಯನ್ನು ತಾನೇ ಜೋಡಿಸುತ್ತದೆ. ಒಂದು ಪುಟ ಇನ್ನೊಂದು ಪುಟವನ್ನು ನೋಡೆಂದು ಹೇಳಿ, ಅಂಥ ಪುಟವೇ ಇರದಿದ್ದರೆ ಎಚ್ಚರಿಕೆ ಕೊಡುತ್ತದೆ. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನೂ ಕರಡು ತಿದ್ದುವವನೂ ಒಬ್ಬನೇ ಆದಂತೆ ಇದು.

ಏಡಾಳ ಕೋಷ್ಟಕದ ತಪ್ಪನ್ನು ಇಲ್ಲಿ ಮತ್ತೆ ನೆನೆಯಬಹುದು. ಅವಳಿಗೆ ತನ್ನ ಉದಾಹರಣೆಯನ್ನು ಯಂತ್ರದ ಮೇಲೆ ನಡೆಸಿ ನೋಡುವ ಅವಕಾಶವಿರಲಿಲ್ಲ. ಇಂದು ಅದು ಇದೆ. ಪೈಥಾನ್ ಭಾಷೆಯಲ್ಲಿ ‘ಡಾಕ್‌ಟೆಸ್ಟ್’ ಎಂಬ ಏರ್ಪಾಡೊಂದಿದೆ. ಕೈಪಿಡಿಯಲ್ಲಿರುವ ಪ್ರತಿಯೊಂದು ಉದಾಹರಣೆಯನ್ನೂ ಅದು ಯಂತ್ರದ ಮೇಲೆ ನಡೆಸಿ, ಬಂದ ಉತ್ತರವನ್ನು ಪುಟದಲ್ಲಿ ಬರೆದ ಉತ್ತರದೊಡನೆ ಹೋಲಿಸುತ್ತದೆ. ಎರಡೂ ಹೊಂದದಿದ್ದರೆ ದೂರು ಹೇಳುತ್ತದೆ. ಇದರಿಂದ ಮತ್ತೊಂದು ಉಪಕಾರವೂ ಉಂಟು. ಲೈಬ್ರರಿ ಬದಲಾಗುತ್ತ ಹೋಗುತ್ತದೆ, ಕೈಪಿಡಿ ಹಿಂದುಳಿಯುತ್ತದೆ. ಏನೂ ಹೇಳದ ಕೈಪಿಡಿಗಿಂತ ಹಳತಾದ ಕೈಪಿಡಿ ಹೆಚ್ಚು ಅಪಾಯಕರ. ಕಿತ್ತುಹಾಕಿದ ಸೇತುವೆಯ ಕಡೆಗೆ ಕೈತೋರಿಸುವ ದಾರಿಗಂಬದಂತೆ ಅದು. ಉದಾಹರಣೆಗಳನ್ನು ನಿತ್ಯವೂ ನಡೆಸಿ ನೋಡುತ್ತಿದ್ದರೆ ಗಂಬ ಯಾವಾಗ ಸುಳ್ಳಾಯಿತೆಂಬುದು ಕೂಡಲೇ ತಿಳಿಯುತ್ತದೆ. ಮಾತಿನ ವಿವರಣೆ ಸುಳ್ಳಾದುದನ್ನು ಮಾತ್ರ ಯಂತ್ರ ಕಂಡುಹಿಡಿಯಲಾರದು. ಅದಕ್ಕೆ ಓದುವ ಮನುಷ್ಯನೇ ಬೇಕು.

ಒಳ್ಳೆಯ ಕೈಪಿಡಿ ತನ್ನ ಸಾಧನದ ದೋಷವನ್ನೂ ಮುಚ್ಚಿಡುವುದಿಲ್ಲ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬವರು ‘ಯೂನಿಕ್ಸ್’ ಎಂಬ ವ್ಯವಸ್ಥೆಯನ್ನು ರೂಪಿಸಿದರು. ಅದರ ಕೈಪಿಡಿಯ ಮೊದಲ ಆವೃತ್ತಿ ೧೯೭೧ರ ನವೆಂಬರ್ ೩ರಂದು ಹೊರಬಂದಿತು. ಪ್ರತಿಯೊಂದು ಆಜ್ಞೆಯ ವಿವರಣೆಯ ಕೊನೆಯಲ್ಲಿ ‘ದೋಷಗಳು’ ಎಂಬ ಒಂದು ಭಾಗಕ್ಕೆ ಅವರು ಎಡೆ ಮಾಡಿದ್ದರು. ತಾವು ಮಾಡಿದ ವಸ್ತುವಿನ ಕುಂದನ್ನು ತಾವೇ ಅಚ್ಚುಹಾಕಿಸಿ ಕೊಡುವ ವ್ಯಾಪಾರಿ ಸಂತೆಯಲ್ಲಿ ಸಿಗುವುದು ಅಪರೂಪ.

ಹತ್ತನೆಯ ಶತಮಾನದಲ್ಲಿ ಗ್ರಂಥಗಳನ್ನು ಮುಕ್ತವಾಗಿ ಹಂಚಿದ ನಿದರ್ಶನವೊಂದು ಮುಧೋಳದ ಕವಿಯೊಡನೆ ಹೆಣೆದುಕೊಂಡಿದೆ. ಮುದುವೊಳಲಿನ, ಎಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನಿಗೆ ಆಶ್ರಯವಿತ್ತ ದಾನಚಿಂತಾಮಣಿ ಅತ್ತಿಮಬ್ಬೆ, ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಓಲೆಯ ಮೇಲೆ ಕಂಠದಿಂದ ಒಂದೊಂದಕ್ಷರವನ್ನೂ ಕೊರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಅದು ಎಂಥ ಕಾರ್ಯವೆಂಬುದನ್ನು ಊಹಿಸಬಹುದು. ಅಂದಿನ ಓದುಗರಿಗೆ ಪ್ರತಿ ದೊರೆತರೆ ಸಾಕಾಗಿತ್ತು. ಇಂದು ಮುಧೋಳದ ವಿದ್ಯಾರ್ಥಿಗೆ ತನ್ನ ಊರಿನ ರನ್ನನ ‘ಗದಾಯುದ್ಧ’ದ ಪ್ರತಿಯನ್ನು ಕೊಟ್ಟರೆ ಸಾಲದು, ಹಳಗನ್ನಡದ ಪದಗಳಿಗೆ ಅರ್ಥ ಬೇಕು, ಪದವಿಭಾಗ ಬೇಕು, ಟಿಪ್ಪಣಿ ಬೇಕು. ಪಠ್ಯಪುಸ್ತಕದಲ್ಲಿ ಪದ್ಯಗಳ ಹಿಂದೆಯೇ ಬರುವ ಪದಗಳ ಅರ್ಥವನ್ನು ಪರೀಕ್ಷೆಗೆ ಮಾತ್ರ ಓದುವ ವಿದ್ಯಾರ್ಥಿಗಳುಂಟು. ಅದನ್ನು ತೆಗೆದುಹಾಕಿ ಮೂಲವನ್ನಷ್ಟೇ ಅವರ ಮುಂದಿಟ್ಟರೆ ಅದರ ಬೆಲೆ ತಿಳಿಯುತ್ತದೆ.

ಕನ್ನಡದ ಮಕ್ಕಳಿಗೆ ತಂತ್ರಾಂಶದ ಕೈಪಿಡಿಗಳ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಅವುಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿವೆ. ಲೈಬ್ರರಿಯ ಬಾಗಿಲು ತೆರೆದಿದೆ, ಬಾಗಿಲಿಗೆ ಅಂಟಿಸಿದ ಸೂಚನೆಯೂ ಇದೆ. ಸೂಚನೆಯ ಭಾಷೆ ಮಾತ್ರ ಬೇರೆ. ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುವ ಯತ್ನವೊಂದು ಮುಂಬಯಿಯ ಐ.ಐ.ಟಿ.ಯಲ್ಲಿ ನಡೆದಿದೆ. ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ ರೂಪುಗೊಂಡ ‘ಸ್ಪೋಕನ್ ಟ್ಯುಟೋರಿಯಲ್’ ಎಂಬ ಯೋಜನೆಯಲ್ಲಿ ಮುಕ್ತ ತಂತ್ರಾಂಶಗಳ ಬಳಕೆಯನ್ನು ಸುಮಾರು ಹತ್ತು ನಿಮಿಷಗಳ ಚಿಕ್ಕ ಚಿಕ್ಕ ಪಾಠಗಳಾಗಿ ವಿಂಗಡಿಸಿ, ದೃಶ್ಯ ಮತ್ತು ಧ್ವನ್ಯಂಕನದ ಮೂಲಕ ಕಲಿಸುತ್ತಾರೆ. ಪಾಠಗಳ ಮಾತುಗಳನ್ನು ಭಾರತದ ಅನೇಕ ಭಾಷೆಗಳಿಗೆ ತಂದಿದ್ದಾರೆ, ಕನ್ನಡವೂ ಅವುಗಳಲ್ಲೊಂದು. ತೆರೆಯ ಮೇಲಿನ ಅಕ್ಷರಗಳು ಇಂಗ್ಲಿಷಿನಲ್ಲಿಯೇ ಇರುತ್ತವೆ, ಕಿವಿಗೆ ಕೇಳುವ ವಿವರಣೆ ಕನ್ನಡದಲ್ಲಿರುತ್ತದೆ. ಗುರುವಿಲ್ಲದೆ ಒಬ್ಬನೇ ಕುಳಿತು ಕಲಿಯುವವನನ್ನು ಎದುರಿಗಿಟ್ಟುಕೊಂಡು ಇವನ್ನು ಸಿದ್ಧಪಡಿಸಿದ್ದಾರೆ.

ಕನ್ನಡಕ್ಕೆ ತರುವವರಿಗೆ ಕಷ್ಟಗಳು ಹಲವು. ‘ಮೀನ್’ ಎಂಬ ಆಜ್ಞೆಯನ್ನು ‘ಸರಾಸರಿ’ ಎಂದು ಬದಲಾಯಿಸಿ ಬರೆದರೆ ಯಂತ್ರ ಅದನ್ನು ಅರಿಯದು. ಆಜ್ಞೆ ಇದ್ದಂತೆಯೇ ಇರಬೇಕು, ಅರ್ಥ ಮಾತ್ರ ಕನ್ನಡದಲ್ಲಿ ಬರಬೇಕು. ಸಂಸ್ಕೃತದ ಬಿಗಿಯಾದ ಪದವೊಂದನ್ನು ಹೊಸದಾಗಿ ಕಟ್ಟಿಟ್ಟರೆ ಓದುಗನಿಗೆ ಇಂಗ್ಲಿಷ್ ಪದದ ಜೊತೆಗೆ ಅದನ್ನೂ ಕಲಿಯುವ ಹೊರೆ ಬೀಳುತ್ತದೆ. ಜನರ ಬಾಯಲ್ಲಿ ಆಗಲೇ ನೆಲೆಯೂರಿದ ಪದವನ್ನು, ಅದು ಯಾವ ಭಾಷೆಯದಾದರೂ ಉಳಿಸಿಕೊಂಡು, ಸುತ್ತಲಿನ ವಾಕ್ಯವನ್ನು ಅಚ್ಚಗನ್ನಡದ ಜಾಡಿನಲ್ಲಿ ನಡೆಯಿಸುವುದೇ ಮೇಲು. ನೇಕಾರರು ‘ಜಕಾರ್ಡ್’ ಎಂಬ ಫ್ರೆಂಚ್ ಹೆಸರನ್ನು ಉಳಿಸಿಕೊಂಡು ಹಾಸು, ಹೊಕ್ಕು, ಲಾಳಿಗಳ ನಡುವೆ ಅದನ್ನು ಕೂಡಿಸಿಕೊಂಡುದು ಹೀಗೆಯೇ.

ಆ ಯೋಜನೆಯಲ್ಲಿ ಪಾಠವೊಂದನ್ನು ಧ್ವನಿಮುದ್ರಿಸುವ ಮೊದಲು ಅದರ ಬರಹವನ್ನು ಆ ವಿಷಯವೇ ಗೊತ್ತಿಲ್ಲದ ಒಬ್ಬ ಹೊಸಬನ ಕೈಗೆ ಕೊಡುವ ಪದ್ಧತಿಯಿದೆ. ಅವನು ಬರಹವನ್ನು ಮುಂದಿಟ್ಟುಕೊಂಡು ಅದರಲ್ಲಿ ಹೇಳಿದಂತೆ ಒಂದೊಂದೇ ಹೆಜ್ಜೆಯನ್ನು ಮಾಡುತ್ತ ಹೋಗುತ್ತಾನೆ. ಎಲ್ಲಿಯಾದರೂ ತಡೆದು ನಿಂತರೆ ಆ ಸಾಲಿಗೆ ಗುರುತು ಬೀಳುತ್ತದೆ, ಹಾಳೆ ಬರೆದವನ ಕೈಗೆ ಮರಳುತ್ತದೆ.